ವ್ಯಾಜ್ಯದ ಬೇರು

ಮನುಷ್ಯರು ನ್ಯಾಯಾಲಯದ ಮೆಟ್ಟಿಲೇರುವ ಕಾರಣಗಳು ಬಹುಪಾಲು ಪರಿಚಿತವಾದವು: ಪಿತ್ರಾರ್ಜಿತ ಆಸ್ತಿಯ ವಿಭಾಗ, ಹೊಲದ ಬದುವಿನ ಒತ್ತುವರಿ, ತೀರದ ಸಾಲ, ತಪ್ಪಿದ ಕರಾರು, ಮುರಿದ ದಾಂಪತ್ಯ. ಜೈನ ದೃಷ್ಟಿಯಲ್ಲಿ ಇವು ಹೊರಗಿನ ನಿಮಿತ್ತಗಳು. ಬೇರು ಇರುವುದು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ. ಲೋಭವು ಬದುವನ್ನು ಸರಿಸುತ್ತದೆ. ಮಾಯೆಯು ಸುಳ್ಳು ಪತ್ರವನ್ನು ಸೃಷ್ಟಿಸುತ್ತದೆ. ಕ್ರೋಧವು ದಾವೆ ಹೂಡಿಸುತ್ತದೆ. ಮಾನವು ರಾಜಿಗೊಪ್ಪದೆ ಮೇಲ್ಮನವಿಗೆ ಅಟ್ಟುತ್ತದೆ.

ಹಾಗೆಂದು ಅನ್ಯಾಯಕ್ಕೊಳಗಾದವರು ನ್ಯಾಯ ಬೇಡುವುದು ತಪ್ಪಲ್ಲ. ಜೀವನಾಂಶಕ್ಕಾಗಿ ಅಲೆಯುವ ತಾಯಿಗೆ ಕ್ಷಮೆಯನ್ನು ಬೋಧಿಸಿ ಬಾಯಿ ಮುಚ್ಚಿಸುವುದು ಧರ್ಮವೆನಿಸದು. ದಾವೆಯನ್ನು ನಡೆಸುವ ಭಾವ ಯಾವುದೆಂಬುದೇ ಇಲ್ಲಿನ ಪ್ರಶ್ನೆ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ವು ಕ್ರೋಧದ ತೀವ್ರತೆಯನ್ನು ನಾಲ್ಕು ಗೆರೆಗಳಿಗೆ ಹೋಲಿಸುತ್ತದೆ: ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಅಜ್ಜ ಹೂಡಿದ ದಾವೆಯೊಡನೆ ಹಗೆಯೂ ಮೊಮ್ಮಗನ ಪಾಲಿಗೆ ಬಂದರೆ ಅದು ಕಲ್ಲಿನ ಗೆರೆ. ವಾದಿಯಾಗಿ ನಿಂತೂ ಪ್ರತಿವಾದಿಯ ಮನೆಯ ಕಷ್ಟಕ್ಕೆ ಒದಗಬಲ್ಲವನ ಕ್ರೋಧ ನೀರಿನ ಗೆರೆಗೆ ಸಮೀಪ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಲೋಕ ಅದಾಲತ್‌ನ ರಾಜಿ ತೀರ್ಮಾನದ ಮೇಲೆ ಮೇಲ್ಮನವಿಯಿಲ್ಲ. ನ್ಯಾಯಾಲಯದಿಂದ ಅಲ್ಲಿಗೆ ಹೋಗಿ ಇತ್ಯರ್ಥವಾದ ಪ್ರಕರಣದಲ್ಲಿ ಕಟ್ಟಿದ ಶುಲ್ಕವೂ ಮರಳುತ್ತದೆ. ಆದರೆ ಕಾಗದದ ಮೇಲೆ ರಾಜಿಯಾದವರು ಬೀದಿಯಲ್ಲಿ ಮುಖ ತಿರುಗಿಸಿ ನಡೆದರೆ, ಒಳಗಿನ ವ್ಯಾಜ್ಯ ಇನ್ನೂ ವಿಚಾರಣೆಯಲ್ಲಿದೆ ಎಂದೇ ಅರ್ಥ. ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಣಿಯಂದು ಮಿತ್ರರಲ್ಲಿ ಕ್ಷಮೆ ಕೇಳುವುದು ಸುಲಭ. ಆ ದಿನ ಮೊದಲು ತಟ್ಟಬೇಕಾದುದು ಪ್ರತಿವಾದಿಯ ಬಾಗಿಲನ್ನು.