ಮಾರ್ಫಿನ್‌ಗೂ ಒಂದು ಲೆಕ್ಕವಿದೆ

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಾರಿಗಾದರೂ ಮಾರ್ಫಿನ್ ಶುರು ಮಾಡಿದ್ದಾರೆಂದರೆ ಎರಡು ಮಾತು ಕೇಳಿಬರುತ್ತದೆ. ಒಂದು, ‘ಇನ್ನೇನು, ಕೊನೆ ಹತ್ತಿರ ಬಂತು’. ಇನ್ನೊಂದು, ‘ಅದು ಅಫೀಮಲ್ವಾ, ಚಟ ಹಿಡಿಯುತ್ತದೆ’.

ಬೆಳ್ತಂಗಡಿಯಲ್ಲಿರುವ ನನ್ನ ದೊಡ್ಡಪ್ಪನಿಗೆ ಕ್ಯಾನ್ಸರ್. ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರೂ ನೆಂಟರ ಮಾತು ಕೇಳಿ ಅದು ಕಪಾಟಿನಲ್ಲೇ ಉಳಿಯಿತು. ಎರಡು ರಾತ್ರಿ ಅವರು ನರಳಿದರು. ಮೂರನೇ ದಿನ ನರ್ಸ್ ಒಬ್ಬರು ವಿವರಿಸಿದರು: ‘ನೋವು ಬಂದ ಮೇಲೆ ಅಲ್ಲ, ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡಿ. ಮಲಬದ್ಧತೆಯಾಗುತ್ತದೆ, ಅದಕ್ಕೂ ಔಷಧಿ ಇದೆ’. ಆಮೇಲೆ ದೊಡ್ಡಪ್ಪ ನಿದ್ದೆ ಮಾಡಿದರು, ಜಗಲಿಯಲ್ಲಿ ಕೂತು ಪೇಪರ್ ಓದತೊಡಗಿದರು.

ಮಾರ್ಫಿನ್ ಕೊಡುವುದು ನೋವಿನ ತೀವ್ರತೆ ನೋಡಿ, ಸಾವಿನ ದಿನ ನೋಡಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದಿದೆ. ಹಾಗಿದ್ದೂ ಎಲ್ಲ ಕಡೆ ಸಿಗುವುದಿಲ್ಲ ಏಕೆ? 1985ರ ಮಾದಕದ್ರವ್ಯ ಕಾಯ್ದೆಯಿಂದಾಗಿ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳಲು ಹಲವು ಲೈಸೆನ್ಸ್‌ಗಳಿಗೆ ಅಲೆಯಬೇಕಿತ್ತು. 2014ರ ತಿದ್ದುಪಡಿ ‘ಅಗತ್ಯ ಮಾದಕ ಔಷಧ’ ಎಂಬ ಪ್ರತ್ಯೇಕ ವರ್ಗ ಮಾಡಿತು. ಈಗ ಮಾನ್ಯತೆ ಪಡೆಯುವ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಅನುಮತಿಯೊಂದು ಸಾಕು. ಕಾನೂನು ಸಡಿಲವಾಯಿತು, ನಮ್ಮ ಭಯ ಸಡಿಲವಾಗಲಿಲ್ಲ.

ಹಾಗಂತ ಅಪಾಯವೇ ಇಲ್ಲ ಅಂತಲ್ಲ. ಪ್ರಮಾಣ ಮೀರಿದರೆ ಮಂಪರು ಹೆಚ್ಚಾಗಿ ಉಸಿರಾಟವೇ ನಿಧಾನವಾಗುತ್ತದೆ. ಮಿಲಿಗ್ರಾಂ ಬರೆಯುವಾಗ ಒಂದು ಸೊನ್ನೆ ಹೆಚ್ಚಾದರೆ ಡೋಸ್ ಹತ್ತು ಪಟ್ಟು. ಅದಕ್ಕೇ ಒಳ್ಳೆಯ ಆಸ್ಪತ್ರೆಗಳಲ್ಲಿ ಇಂಜೆಕ್ಷನ್ ಕೊಡುವ ಮೊದಲು ಇಬ್ಬರು ಲೆಕ್ಕ ನೋಡುತ್ತಾರೆ, ಕೊಟ್ಟ ಮೇಲೆ ರೋಗಿಯ ಮಂಪರು, ಉಸಿರು ಎರಡನ್ನೂ ಗಮನಿಸುತ್ತಾರೆ. ಡೋಸ್ ಮೀರಿದರೆ ಕೊಡಲು ನಲೋಕ್ಸೋನ್ ಎಂಬ ಪ್ರತ್ಯೌಷಧ ಕೈಗೆಟುಕುವಲ್ಲಿ ಇರುತ್ತದೆ.

ಮೂಡುಬಿದಿರೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ನನಗೆ ಹಿಡಿಸಿದ್ದು ಪಿಸಿಎ ಪಂಪ್. ಆಪರೇಷನ್ ಆದ ರೋಗಿ ನೋವಾದಾಗ ತಾನೇ ಬಟನ್ ಒತ್ತುತ್ತಾನೆ, ಪಂಪ್ ಒಂದು ಸಣ್ಣ ಡೋಸ್ ಕೊಡುತ್ತದೆ. ಮುಂದಿನ 5ರಿಂದ 10 ನಿಮಿಷ ಎಷ್ಟು ಸಲ ಒತ್ತಿದರೂ ಕೊಡುವುದಿಲ್ಲ. ಮಂಪರು ಬಂದವನು ಬಟನ್ ಒತ್ತುವುದಿಲ್ಲ, ಔಷಧಿ ತಾನಾಗಿ ನಿಲ್ಲುತ್ತದೆ. ನಾವು ಕ್ಲಾಸಿನಲ್ಲಿ ಕಲಿಯುವ ಫೀಡ್‌ಬ್ಯಾಕ್ ಇದೇ. ಆದರೆ ‘ಪಾಪ, ನೋವಿರಬಹುದು’ ಎಂದು ಮನೆಯವರು ಬಟನ್ ಒತ್ತಿದರೆ ಆ ಇಡೀ ವ್ಯವಸ್ಥೆ ಕೆಡುತ್ತದೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಪಕ್ಕದಲ್ಲಿ ಕೂತವರಿಗೆ ತಿಳಿವಳಿಕೆ ಬೇಕು.

ಆ ಪಕ್ಕದಲ್ಲಿ ಕೂರುವವರು ಹೆಚ್ಚಾಗಿ ನಾವೇ. ‘ನಿನಗೆ ರಜೆ ಅಲ್ವಾ, ಆಸ್ಪತ್ರೆಯಲ್ಲಿ ನೀನೇ ನಿಲ್ಲು’ ಎನ್ನುವುದು ಎಲ್ಲರ ಮನೆಯ ಮಾತು. ಹಾಗೆ ನಿಂತಾಗ ಕೆಲವು ಕೆಲಸ ಮಾಡಬಹುದು. ರೋಗಿ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮದ್ಯ ಕುಡಿಯುವ ಅಭ್ಯಾಸವಿದ್ದರೆ, ಕಿಡ್ನಿ ತೊಂದರೆಯಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಕೊಟ್ಟ ಹೊತ್ತನ್ನು ಬರೆದಿಡಿ. ಮಾಮೂಲಿಗಿಂತ ಗಾಢವಾಗಿ ಮಲಗಿ, ಕರೆದರೂ ಏಳದಿದ್ದರೆ ತಕ್ಷಣ ನರ್ಸ್‌ಗೆ ತಿಳಿಸಿ. ಮನೆಗೆ ಬಂದ ಮೇಲೆ ಮಾತ್ರೆಗಳು ಬೀಗದೊಳಗಿರಲಿ, ಬೇರೆಯವರ ಸೊಂಟನೋವಿಗೆ ಹಂಚುವುದು ಬೇಡ. ನೋವು ಕಡಿಮೆಯಾಯಿತೆಂದು ಒಮ್ಮೆಲೇ ನಿಲ್ಲಿಸುವುದೂ ಬೇಡ, ಮಿಕ್ಕಿದ್ದನ್ನು ಏನು ಮಾಡಬೇಕೆಂದು ಆಸ್ಪತ್ರೆಯಲ್ಲೇ ಕೇಳಿ.

ಇಷ್ಟಕ್ಕೆ ಮೆಡಿಕಲ್ ಓದಬೇಕಾಗಿಲ್ಲ. ಒಂದು ಪುಟ್ಟ ನೋಟ್‌ಬುಕ್, ಒಂದು ಪೆನ್ನು ಮತ್ತು ಪ್ರಶ್ನೆ ಕೇಳಲು ಸ್ವಲ್ಪ ಧೈರ್ಯ ಇದ್ದರೆ ಸಾಕು.