ಜ ಮತ್ತು ಫ: ಪುಟ್ಟ ಪದಗಳ ದೂರದ ನಂಟು

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಸಂತೆಯಲ್ಲಾಗಲಿ, ತಹಸೀಲ್ ಕಚೇರಿಯ ಅಂಗಳದಲ್ಲಾಗಲಿ ಒಂದು ಗಳಿಗೆ ನಿಂತರೆ ಸಾಕು, ಜರಾ, ಜೋರು, ಜರೂರು, ಸಾಫು, ಫರಕು, ಫಾಯಿದೆ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಅವುಗಳ ಬೆನ್ನಿಗೇ ಫೀ, ಫೈಲು, ಫೈನು, ಜೀರೋ ಎಂಬ ಇಂಗ್ಲಿಷ್ ಪದಗಳೂ ಬರುತ್ತವೆ. ಮೊದಲ ಗುಂಪು ಅರಬ್ಬಿ, ಪಾರಸಿಗಳಿಂದ ಉರ್ದುವಿನ ಮೂಲಕ ಬಂದದ್ದು. ಎರಡನೆಯದು ಇಂಗ್ಲಿಷಿನದು. ಎರಡಕ್ಕೂ ಒಂದೇ ತೊಡಕು: ಇವುಗಳಲ್ಲಿರುವ ಎರಡು ಧ್ವನಿಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಸ್ವಂತ ಅಕ್ಷರವಿಲ್ಲ.

ಆ ಧ್ವನಿಗಳು ಇಂಗ್ಲಿಷಿನ ಎಫ್ ಮತ್ತು ಝಡ್. 'ಪ' ಎನ್ನುವಾಗ ನಮ್ಮ ಎರಡೂ ತುಟಿಗಳು ಮುಚ್ಚುತ್ತವೆ. ಎಫ್‌ನಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಸೋರುತ್ತದೆ. ಝಡ್ ಎಂಬುದು 'ಸ'ಕಾರಕ್ಕೆ ಗಂಟಲಿನ ನಾದ ಸೇರಿದ್ದು. ಕನ್ನಡದ 'ಫ' ಮೂಲತಃ ಫಲ, ಫಣಿಗಳಂಥ ಸಂಸ್ಕೃತ ಪದಗಳ ಮಹಾಪ್ರಾಣ. ಅದನ್ನೇ ಎಫ್‌ಗೂ, 'ಜ'ಕಾರವನ್ನೇ ಝಡ್‌ಗೂ ನಾವು ದುಡಿಸಿಕೊಳ್ಳುತ್ತೇವೆ. ಎರಡು ಚುಕ್ಕಿ ಇಟ್ಟು ಜ಼, ಫ಼ ಎಂದು ಬರೆಯುವ ಪದ್ಧತಿ ಇದೆಯಾದರೂ ದಿನನಿತ್ಯದ ಬರವಣಿಗೆಯಲ್ಲಿ ಅದು ಅಪರೂಪ.

ಇಂಗ್ಲಿಷಿನಲ್ಲೂ ಝಡ್ ದುಬಾರಿ ಅಕ್ಷರವೇ. ಸ್ಕ್ರಾಬಲ್ ಎಂಬ ಪದಜೋಡಣೆಯ ಆಟದಲ್ಲಿ ಎ, ಇ ಅಕ್ಷರಗಳಿಗೆ ತಲಾ 1 ಅಂಕ, ಎಫ್‌ಗೆ 4, ಝಡ್‌ಗೆ 10. ವಿರಳವಾದುದಕ್ಕೆ ಹೆಚ್ಚು ಬೆಲೆ ಎಂಬುದೇ ಲೆಕ್ಕ. ಉರ್ದುವಿನ ಸ್ಥಿತಿ ಬೇರೆ. ಅಲ್ಲಿ ಇದೇ ಒಂದು ಧ್ವನಿಗೆ ಜೇ, ಜಾಲ್, ಜ್ವಾದ್, ಜೋಯ್ ಎಂಬ ನಾಲ್ಕು ಅಕ್ಷರಗಳಿವೆ. ಅರಬ್ಬಿಯಲ್ಲಿ ಬೇರೆ ಬೇರೆಯಾಗಿದ್ದ ಉಚ್ಚಾರಗಳು ಉರ್ದುವಿನಲ್ಲಿ ಒಂದಾದವು, ಬರಹ ಮಾತ್ರ ಹಾಗೆಯೇ ಉಳಿಯಿತು. ಜೋರು, ಜಮೀನಿಗೆ ಮೊದಲನೆಯದು, ಜರಾ ಎಂಬುದಕ್ಕೆ ಎರಡನೆಯದು, ಜಿಲ್ಲೆ, ಜಪ್ತಿ, ಜರೂರಿಗೆ ಮೂರನೆಯದು, ಜುಲುಮೆಗೆ ನಾಲ್ಕನೆಯದು. ಇವೆಲ್ಲವೂ ಕನ್ನಡಕ್ಕೆ ಬಂದು ಒಂದೇ 'ಜ'ದ ನೆರಳಿಗೆ ಸೇರಿದವು. ಜವಾಬು, ಜಾಗೀರುಗಳಲ್ಲಿ ಮೂಲದಲ್ಲೇ 'ಜ' ಇದೆ. ಆದರೆ ಬರಹ ನೋಡಿ ಈ ಭೇದ ತಿಳಿಯುವಂತಿಲ್ಲ.

ಕಚೇರಿಯಿಂದ ಮನೆಗೆ

ಈ ಸೀಮೆಯಲ್ಲಿ ಇಂಥ ಪದಗಳು ಇಷ್ಟು ದಟ್ಟವಾಗಿರುವುದಕ್ಕೆ ಇತಿಹಾಸವೇ ಕಾರಣ. ಬೀದರ್ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಲ್ಯಾಣಿ ಅದರೊಳಗಿನ ಒಂದು ಜಾಗೀರು. ಆಡಳಿತದ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಲಿಪಿ ಬದಲಾಯಿತು, ಪದಗಳು ಬದಲಾಗಲಿಲ್ಲ. ಬಹುಭಾಷೆ ಇಲ್ಲಿನ ಭಕ್ತಿಯಲ್ಲೂ ಇತ್ತು. 1817ರಲ್ಲಿ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ, ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದಗಳನ್ನು ರಚಿಸಿದರು.

ಅರ್ಥಗಳ ಪಯಣವೂ ಸ್ವಾರಸ್ಯಕರ. ಜಿಲ್ಲೆಯ ಅರಬ್ಬಿ ಮೂಲಕ್ಕೆ ಪಕ್ಕೆಲುಬು, ಪಾರ್ಶ್ವ ಎಂಬ ಅರ್ಥವಿದೆ. ರಜೆ ಎಂದರೆ ಮೂಲದಲ್ಲಿ ಒಪ್ಪಿಗೆ. ಮೇಲಿನವರು ಒಪ್ಪಿದರೆ ತಾನೆ ರಜೆ! ಫಸಲು ಎಂದರೆ ಋತು, ವಿಭಾಗ. ಆ ಋತುವಿನ ಬೆಳೆಗೂ ಅದೇ ಹೆಸರಾಯಿತು. ಫೌತಿ ಎಂದರೆ ಕೈತಪ್ಪಿ ಹೋಗುವುದು, ಅಂದರೆ ಸಾವು. ತಂದೆ ತೀರಿಕೊಂಡ ಮೇಲೆ ಹೊಲವನ್ನು ಮಕ್ಕಳ ಹೆಸರಿಗೆ ಮಾಡಿಸುವ ಫೌತಿ ಖಾತೆಯಲ್ಲಿ ಈ ಪದ ಇಂದಿಗೂ ಜೀವಂತ.

ಇಂಗ್ಲಿಷ್ ಪದಗಳೂ ಕಡಿಮೆಯೇನಲ್ಲ. ಮಧ್ಯಯುಗದಲ್ಲಿ ಫೀ ಎಂದರೆ ಸೇವೆಗೆ ಪ್ರತಿಯಾಗಿ ಒಡೆಯನು ಕೊಟ್ಟ ಭೂಮಿ, ಹೆಚ್ಚುಕಡಿಮೆ ನಮ್ಮ ಜಾಗೀರಿನಂತೆ. ಫೈಲಿನ ಲ್ಯಾಟಿನ್ ಮೂಲ ನೂಲು. ಕಾಗದಗಳನ್ನು ದಾರಕ್ಕೆ ಪೋಣಿಸಿಡುತ್ತಿದ್ದರು. ಫೈನಿನ ಮೂಲ ಅಂತ್ಯ. ಹಣ ಕೊಟ್ಟರೆ ವ್ಯಾಜ್ಯ ಮುಗಿಯಿತು ಎಂದು. ಜೀರೋ ಬಂದದ್ದು ಅರಬ್ಬಿಯ ಸಿಫರ್ ಎಂಬುದರಿಂದ, ಇಟಲಿಯ ದಾರಿಯಾಗಿ. ಆ ಸಿಫರ್ ನಮ್ಮ ಶೂನ್ಯದ ಅನುವಾದ. ಅಲ್ಲಮಪ್ರಭುವಿನ ಶೂನ್ಯ ಸಿಂಹಾಸನದ ಪರಂಪರೆಯನ್ನು ನೆನೆಯುವ ಕಲ್ಯಾಣದಲ್ಲಿ ಜೀರೋ ಎಂಬ ಪದ ಪರಕೀಯವೇನಲ್ಲ. ಒಂದೇ ಕಲ್ಪನೆ ಲೋಕ ಸುತ್ತಿ, ವೇಷ ಬದಲಿಸಿ ಮರಳಿದೆ ಅಷ್ಟೆ.

ನಗೆಗೆ ಕಾರಣವಿಲ್ಲ

ಇದನ್ನೆಲ್ಲ ತಿಳಿಯುವುದು ಬರಿಯ ಕುತೂಹಲಕ್ಕಲ್ಲ. ಹಳ್ಳಿಯಿಂದ ಬಂದ ವಿದ್ಯಾರ್ಥಿ ಫೀ ಎಂಬುದನ್ನು 'ಪೀ' ಎಂದರೆ, ಝಡ್ ಇರುವಲ್ಲಿ 'ಜ' ಎಂದರೆ ತರಗತಿ ನಗುತ್ತದೆ. ಆ ನಗೆಗೆ ಹೆದರಿ ಬಾಯಿ ಮುಚ್ಚಿದ ಮಕ್ಕಳು ಎಷ್ಟೋ. ಅವರು ಮಾಡುತ್ತಿರುವುದು ಭಾಷೆಗಳು ಸದಾ ಮಾಡುತ್ತ ಬಂದದ್ದನ್ನೇ: ಹೊರಗಿನ ಧ್ವನಿಯನ್ನು ತನ್ನದರಲ್ಲಿ ಹತ್ತಿರವಾದುದಕ್ಕೆ ಹೊಂದಿಸಿಕೊಳ್ಳುವುದು. ಅರಬ್ಬಿಯ ನಾಲ್ಕು ಉಚ್ಚಾರಗಳನ್ನು ಉರ್ದು ಒಂದು ಮಾಡಿದಾಗ ಯಾರೂ ಅದನ್ನು ತಪ್ಪೆನ್ನಲಿಲ್ಲ. ಇನ್ನು 'ಫಲ'ದ ಮಹಾಪ್ರಾಣವನ್ನು ಎಫ್ ಮಾಡಿ ಉಚ್ಚರಿಸುವ ಓದಿದವರಿಗೆ ನಗುವ ಹಕ್ಕಾದರೂ ಎಲ್ಲಿದೆ? ಹೊಸ ಧ್ವನಿಯನ್ನು ಶಾಲೆ ಕಲಿಸಲಿ. ಹಲ್ಲು ತುಟಿಗೆ ತಾಗಿಸಿ ತೋರಿಸಿದರೆ ಮಗು ಬೇಗ ಕಲಿಯುತ್ತದೆ. ಆದರೆ ಅಜ್ಜನೊಬ್ಬ ಕಚೇರಿಯ ಕಿಟಕಿಯಲ್ಲಿ 'ಪೌತಿ' ಎಂದರೆ ಅದನ್ನು ತಿದ್ದುವುದಕ್ಕಿಂತ, ಅವನ ಹೊಲ ಮಕ್ಕಳ ಹೆಸರಿಗೆ ಆಗುವಂತೆ ನೋಡಿಕೊಳ್ಳುವುದು ಮುಖ್ಯ.