ಸಿಗ್ನಲ್ ತಲುಪದಿದ್ದಾಗ ಎಲ್ಲಿ ನೋಡಬೇಕು?

ಹಗಲೆಲ್ಲ ಕಚೇರಿಯಲ್ಲಿ ದುಡಿದು ಸಂಜೆ ಕಂಪ್ಯೂಟರ್ ವಿದ್ಯೆ ಕಲಿಯುತ್ತಿರುವವರು ನಮ್ಮಲ್ಲಿ ಹಲವರುಂಟು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ 'ಕ್ಯೂಟ್' ಎಂಬ ಸಾಧನವನ್ನು ಬಳಸುವವರನ್ನು ಕಾಡುವ ಒಂದು ತೊಡಕನ್ನು ಇಲ್ಲಿ ಬಿಡಿಸಿ ಹೇಳಿದೆ. ಈ ತಪ್ಪಿನ ಕೇಡೆಂದರೆ, ಪ್ರೋಗ್ರಾಮ್ ನಿಲ್ಲುವುದಿಲ್ಲ. ಕೆಲಸ ಮಾತ್ರ ಆಗುವುದಿಲ್ಲ. ಸಂಬಳದ ಲೆಕ್ಕದಲ್ಲಿ ಹೀಗಾದರೆ, ಹಾಜರಿ ತಿದ್ದಿದರೂ ಮೊತ್ತ ಹಳೆಯದೇ ಉಳಿದು, ಬಡ ನೌಕರನ ಕೈಗೆ ಕಡಮೆ ಹಣ ಬಂದೀತು.

ಸಾಹೇಬರು ಗಂಟೆ ಒತ್ತಿದರೆ ಜವಾನ ಬರುತ್ತಾನಷ್ಟೆ? ಹಾಗೆಯೇ ಒಂದು ವಸ್ತು 'ಸಿಗ್ನಲ್' ಕೊಡುತ್ತದೆ. ಇನ್ನೊಂದರ 'ಸ್ಲಾಟ್' ಓಗೊಡುತ್ತದೆ. ಇವೆರಡರ ನಡುವಣ ತಂತಿಯೇ 'ಕನೆಕ್ಟ್'. ಈಗ 'ಪಟ್ಟಿ' ಎಂಬ ತಂದೆ ಕ್ಲಾಸಿಗೆ 'ಸಂಬಳಪಟ್ಟಿ' ಎಂಬ ಮಗ ಕ್ಲಾಸು ಹುಟ್ಟಿತೆನ್ನಿ. ತಂದೆಯ ಸಿಗ್ನಲ್, ಸ್ಲಾಟುಗಳು ಮಗನಿಗೆ ಪಿತ್ರಾರ್ಜಿತವಾಗಿ ಬರುತ್ತವೆ. ತೊಡಕು ಹುಟ್ಟುವುದು ಮಗನ ಸ್ವಯಾರ್ಜಿತದಲ್ಲಿ.

ಮೊದಲನೆಯದು ಖಾತೆಯ ದೋಷ. ಮಗನ ಕ್ಲಾಸಿನೊಳಗೂ 'ಕ್ಯೂ_ಆಬ್ಜೆಕ್ಟ್' ಎಂಬ ಮ್ಯಾಕ್ರೋ ಇರಬೇಕು. ಅದನ್ನು ಕಂಡರೆ ಮಾತ್ರ 'ಮಾಕ್' ಎಂಬ ಉಪಕರಣವು ಹೊಸ ಸಿಗ್ನಲ್, ಸ್ಲಾಟುಗಳ ಹೆಸರನ್ನು ಖಾತೆಗೆ ಏರಿಸುತ್ತದೆ. ಇಲ್ಲದಿದ್ದರೆ ಖಾತೆ ತಂದೆಯ ಹೆಸರಿನಲ್ಲೇ ಉಳಿಯುತ್ತದೆ. ಗುರುತು ಇದು: ನೀವು ಕೇಳಿದ್ದು ಸಂಬಳಪಟ್ಟಿಯ ಸ್ಲಾಟ್, ಎಚ್ಚರಿಕೆಯ ಸಾಲು ಹೇಳುವುದು 'ಪಟ್ಟಿಯಲ್ಲಿ ಅಂಥ ಸ್ಲಾಟ್ ಇಲ್ಲ' ಎಂದು. ಮಗನನ್ನು ಕೇಳಿದಾಗ ತಂದೆಯ ಹೆಸರು ಬಂತೆಂದರೆ ಮ್ಯಾಕ್ರೋ ಬಿಟ್ಟುಹೋಗಿದೆಯೆಂದೇ ಮೊದಲು ಸಂಶಯಪಡಿ. ಅದನ್ನು ಸೇರಿಸಿ, ಬಿಲ್ಡನ್ನು ಮೊದಲಿನಿಂದ ಮಾಡಿಸಿ.

ಎರಡನೆಯದು, ತಂದೆಯ ಸಿಗ್ನಲನ್ನೇ ಮಗನಲ್ಲಿ ಅದೇ ಹೆಸರಿನಿಂದ ಮತ್ತೆ ಬರೆಯುವುದು. ಆಗ ಗಂಟೆ ಒಂದಲ್ಲ, ಎರಡು. ಮಗ ತನ್ನದನ್ನು ಬಾರಿಸುತ್ತಾನೆ. ತಂತಿ ತಂದೆಯದಕ್ಕೆ ಕಟ್ಟಿದ್ದರೆ ಯಾರಿಗೂ ಕೇಳಿಸದು. ಬಂದದ್ದನ್ನು ಮತ್ತೆ ಬರೆಯಬೇಡಿ.

ಮೂರನೆಯದು, ತಂದೆಯ ಸ್ಲಾಟನ್ನು ಮಗ ಬದಲಿಸಿದರೂ ಹಳೆಯದೇ ನಡೆಯುವುದು. ವಿಳಾಸ ಕೊಟ್ಟು ಕನೆಕ್ಟ್ ಮಾಡುವಾಗ ತಂದೆಯ ಸ್ಲಾಟನ್ನು ಹೆಸರಿಸಿದ್ದರೆ, ಅದು 'ವರ್ಚುಅಲ್' ಆಗಿದ್ದರೆ ಮಾತ್ರ ಮಗನದು ನಡೆಯುತ್ತದೆ.

ನಾಲ್ಕನೆಯದು, ಒಂದು ಕೆಲಸ ಎರಡು ಸಲ ಆಗುವುದು. ತಂದೆಯ ಕನ್‌ಸ್ಟ್ರಕ್ಟರ್ ಕಟ್ಟಿದ ತಂತಿಯನ್ನೇ ಮಗನ ಕನ್‌ಸ್ಟ್ರಕ್ಟರ್ ಮತ್ತೆ ಕಟ್ಟಿರುತ್ತದೆ. ಒಂದನ್ನು ತೆಗೆಯಿರಿ.

ಹೆಸರನ್ನು ಅಕ್ಷರಗಳಲ್ಲಿ ಕೊಡುವ ಹಳೆಯ ರೀತಿಯಲ್ಲಿ ತಪ್ಪು ತಿಳಿಯುವುದು ಪ್ರೋಗ್ರಾಮ್ ಓಡುವಾಗ. 2012ರಲ್ಲಿ ಬಂದ ಕ್ಯೂಟ್ 5ರಿಂದ ಸ್ಲಾಟಿನ ವಿಳಾಸವನ್ನೇ ಕೊಡುವ ರೀತಿಯುಂಟು. ಇಲ್ಲದ ಹೆಸರು ಬರೆದರೆ ಕಂಪೈಲರೇ ತಡೆಯುತ್ತದೆ. ಸಾಧ್ಯವಾದಲ್ಲೆಲ್ಲ ಇದನ್ನೇ ಹಿಡಿಯಿರಿ. ಹಳೆಯ ರೀತಿಯನ್ನು ಬಿಡಲಾಗದಿದ್ದರೆ, ಕನೆಕ್ಟ್ ಕೂಡಿತೋ ಇಲ್ಲವೋ ಎಂದು ಅದು ಕೊಡುವ ಉತ್ತರವನ್ನು ಪರೀಕ್ಷಿಸಿ. ರಾತ್ರಿಯೆಲ್ಲ ನಿದ್ದೆಗೆಡುವ ಮೊದಲು ಎಚ್ಚರಿಕೆಯ ಆ ಒಂದು ಸಾಲನ್ನು ಓದಿದರೆ ಅರ್ಧ ಕೆಲಸ ಮುಗಿದಂತೆ.